ಪಟೇಲರ ಜಗಲಿಯಿಂದ ಕಂಡ ಊರು

2024ರ ಲೋಕಸಭೆಯ ಚುನಾವಣೆಗೆ ಇನ್ನೆರಡು ದಿನವಿದೆಯೆನ್ನುವಾಗ, ಬೆಳಗಿನ ತಿರುಗಾಟ ಮುಗಿಸಿ ನಾವು ನಾಲ್ವರು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಮಾತು ಸಹಜವಾಗಿಯೇ ಯಾರು ಗೆದ್ದಾರು ಎಂಬಲ್ಲಿಗೆ ಬಂತು. ಮಿತ್ರರೊಬ್ಬರು ಬಹು ನಿಶ್ಚಿಂತೆಯಿಂದ, “ಆ ಕಡೆಯವರದೆಲ್ಲ ವೋಟ್ ಬ್ಯಾಂಕ್ ಅಲ್ಲವೆ, ಸ್ವಾಮಿ! ಹೇಳಿದ ಗುರುತಿಗೆ ಒತ್ತಿ ಬರುತ್ತಾರೆ. ಯೋಚನೆ ಮಾಡಿ ಮತ ಹಾಕುವವರು ನಾವು ನೀವು ಅಷ್ಟೆ” ಎಂದರು. ‘ಆ ಕಡೆ’ ಎಂದರೆ ಯಾವ ಕಡೆ ಎಂದು ನಾನು ಕೇಳಲಿಲ್ಲ, ಕೇಳಿದ್ದು ಬೇರೆ. “ಬ್ಯಾಂಕ್ ಎಂದ ಮೇಲೆ ಹಣ ಇಟ್ಟವರು ಇರುತ್ತಾರೆ, ಬೀಗದ ಕೈ ಇಟ್ಟುಕೊಂಡವನೂ ಒಬ್ಬ ಇರಬೇಕಲ್ಲ. ಅವನು ಯಾರು?” ಎಂದೆ. ಮಿತ್ರರು ಮೂವತ್ತು ವರ್ಷ ಬ್ಯಾಂಕಿನಲ್ಲಿಯೇ ದುಡಿದು ನಿವೃತ್ತರಾದವರು. ಆದರೂ ಈ ಪ್ರಶ್ನೆ ಅವರಿಗೆ ಹೊಸದಾಗಿ ಕಂಡಿತು. ನಕ್ಕು, ಕಾಫಿಗೆ ಹೊತ್ತಾಯಿತೆಂದು ಎದ್ದರು.

ಮನೆಗೆ ಬಂದವನು ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆದೆ. ‘ವೋಟ್ ಬ್ಯಾಂಕ್’ ಎಂಬ ಮಾತು ದೆಹಲಿಯ ಪತ್ರಿಕೆಯವರ ಸೃಷ್ಟಿಯೆಂದು ಅನೇಕರ ಭಾವನೆ. ಹಾಗಲ್ಲ. ಅದು ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯ ಹಳ್ಳಿಯೊಂದನ್ನು ಕುರಿತು 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ. ಬರೆದವರು ಪ್ರೊಫೆಸರ್ ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಘುರ್ಯೆಯವರಲ್ಲಿಯೂ ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನರಲ್ಲಿಯೂ ಕಲಿತು, ಬರೋಡ ದೆಹಲಿಗಳಲ್ಲಿ ಸಮಾಜಶಾಸ್ತ್ರದ ಬೋಧನೆಗೆ ನೆಲೆ ಹಾಕಿಕೊಟ್ಟು, ಆಮೇಲೆ ಬೆಂಗಳೂರಿಗೆ ಬಂದು ನೆಲಸಿ, 1999ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಪ್ರಬಂಧದಲ್ಲಿ ಆ ಮಾತಿಗಿದ್ದ ಅರ್ಥ ಬಹು ಸ್ಪಷ್ಟವಾದದ್ದು. ಹಳ್ಳಿಯಲ್ಲಿ ಜಮೀನುಳ್ಳ ಯಜಮಾನನೊಬ್ಬನಿದ್ದಾನೆ. ಅವನ ಗದ್ದೆಯನ್ನು ವಾರಕ್ಕೆ ಮಾಡುವವರು, ಅವನ ಮನೆಯಲ್ಲಿ ಜೀತಕ್ಕಿರುವವರು, ಅವನಿಂದ ಸಾಲ ತಂದವರು, ವ್ಯಾಜ್ಯ ಬಂದಾಗ ಅವನ ಮಾತನ್ನು ನಂಬಿ ಬರುವವರು ಹೀಗೆ ಹತ್ತಾರು ಮನೆಗಳು ಅವನ ಕೈಕೆಳಗಿವೆ. ಚುನಾವಣೆ ಬಂದಾಗ ಅಭ್ಯರ್ಥಿ ಆ ಮನೆಗಳಿಗೆ ಹೋಗುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಯಜಮಾನನ ಜಗಲಿಗೆ ಬರುತ್ತಾನೆ. ಬ್ಯಾಂಕ್ ಎಂದರೆ ಆ ಜಗಲಿ.

ಈಗಿನ ಅರ್ಥವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈಗ ಯಾವುದಾದರೊಂದು ಜಾತಿಯವರೋ ಮತದವರೋ ಒಟ್ಟಾಗಿ ಒಂದು ಪಕ್ಷಕ್ಕೆ ಮತ ಹಾಕಿದರೆ ಅವರೇ ವೋಟ್ ಬ್ಯಾಂಕ್. ಮೊದಲು ಯಜಮಾನನ ಮೇಲಿದ್ದ ಆಕ್ಷೇಪಣೆ ಈಗ ಆಳಿನ ಮೇಲೆ ಬಂದು ಕುಳಿತಿದೆ. ಯಜಮಾನ ಮಾತಿನೊಳಗಿಂದ ಸದ್ದಿಲ್ಲದೆ ಎದ್ದುಹೋಗಿದ್ದಾನೆ. ಶಬ್ದಗಳು ಅರ್ಥ ಬದಲಿಸುವುದು ಹೊಸ ಸಂಗತಿಯಲ್ಲ. ಭಾಷಾಶಾಸ್ತ್ರದವರು ಇದಕ್ಕೆ ನೂರು ಉದಾಹರಣೆ ಕೊಟ್ಟಾರು. ಆದರೆ ಸಮಾಜವನ್ನು ಅರಿಯುವುದಕ್ಕೆಂದು ವಿದ್ವಾಂಸನೊಬ್ಬ ಮಾಡಿಕೊಂಡ ಮಾತು ರಾಜಕಾರಣಿಯ ಬಾಯಿಗೆ ಹೋದ ಕೂಡಲೆ ಹೀಗೆ ತಲೆಕೆಳಗಾಗುವುದು ಬರಿಯ ಆಕಸ್ಮಿಕವೆ? ಅಥವಾ ಆ ಮಾತಿನಲ್ಲಿಯೇ ಮೊದಲಿನಿಂದ ಏನಾದರೂ ಓರೆಯಿತ್ತೆ? ಈ ಪ್ರಶ್ನೆ ಹಿಡಿದುಕೊಂಡು ನಾನು ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಪುಸ್ತಕವನ್ನು ಮತ್ತೊಮ್ಮೆ ಓದಿದೆ.

ಪುಸ್ತಕದ ಹುಟ್ಟೇ ಒಂದು ಕಥೆ. 1948ರಲ್ಲಿ ಶ್ರೀನಿವಾಸರು ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ನಡೆಸಿದರು. 1952ರಲ್ಲಿ ಮತ್ತೆ ಹೋದರು. ಊರಿನ ಹೆಸರು ಕೊಡಗಹಳ್ಳಿ. ಪುಸ್ತಕದಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. ಅಲ್ಲಿ ಬರೆದುಕೊಂಡದ್ದನ್ನು ವರ್ಷಗಟ್ಟಲೆ ವಿಂಗಡಿಸಿ, ತಿದ್ದಿ, ಟಿಪ್ಪಣಿಗಳ ಮೂರು ಪ್ರತಿ ಸಿದ್ಧಮಾಡಿಕೊಂಡು, ಇನ್ನು ದೊಡ್ಡ ಗ್ರಂಥ ಬರೆಯಬೇಕೆಂದು ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಹೋದರು. ವಿಯೆಟ್ನಾಂ ಯುದ್ಧಕ್ಕೆ ವಿರೋಧವಾಗಿ ಅಲ್ಲಿನ ವಿಶ್ವವಿದ್ಯಾನಿಲಯಗಳು ಕುದಿಯುತ್ತಿದ್ದ ಕಾಲ. 1970ರ ಏಪ್ರಿಲ್ 24ರಂದು ಯಾರೋ ಆ ಕೇಂದ್ರಕ್ಕೆ ಬೆಂಕಿಯಿಟ್ಟರು. ಮೂರು ಪ್ರತಿಗಳೂ ಸುಟ್ಟುಹೋದವು. ಸಾಲ್ ಟ್ಯಾಕ್ಸ್ ಎಂಬ ವಿದ್ವಾಂಸರು, ನೆನಪಿನಿಂದಲೇ ಬರೆಯಬಾರದೇಕೆ ಎಂದು ಸಲಹೆಯಿತ್ತರು. ಹಾಗೆ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಸಮಾಜಸಿದ್ಧಾಂತಕ್ಕೂ ರಾಜಕಾರಣಕ್ಕೂ ಇರುವ ನಂಟಿನ ಬಗ್ಗೆ ಬರೆಯ ಹೊರಟವನಿಗೆ ಈ ಬೆಂಕಿಗಿಂತ ದೊಡ್ಡ ರೂಪಕ ಸಿಗಲಾರದು. ಆದರೆ ಅದನ್ನು ಬೆಳೆಸುವ ಆಸೆ ನನಗಿಲ್ಲ. ನೋವು ಅನುಭವಿಸಿದವರು ಅವರು. ಅದನ್ನು ಅಲಂಕಾರಕ್ಕೆ ಬಳಸುವುದು ಸಣ್ಣತನ.

ಟಿಪ್ಪಣಿ ಸುಟ್ಟದ್ದರಿಂದ ಶಾಸ್ತ್ರಕ್ಕೆ ನಷ್ಟವಾಗಿರಬಹುದು. ಸಾಹಿತ್ಯಕ್ಕೆ ಲಾಭವಾಯಿತೆಂದು ಧೈರ್ಯವಾಗಿ ಹೇಳುತ್ತೇನೆ. ಅಂಕಿ ಅಂಶಗಳ ಊರುಗೋಲು ತಪ್ಪಿದ್ದರಿಂದ ಲೇಖಕರು ಮನುಷ್ಯರನ್ನು ನೆನೆಯಬೇಕಾಯಿತು. ಗಂಭೀರ ಮುಖದ ಪಟೇಲರು, ಅವರ ಹಳೆಯ ಸ್ನೇಹಿತ ನಾಡುಗೌಡರು, ಎಲ್ಲ ಕೆಲಸಕ್ಕೂ ಮುಂದಾಗುವ, ಎಲ್ಲದರಲ್ಲಿಯೂ ಒಂದಿಷ್ಟು ಕೈಯಿಟ್ಟಿರುವ ಕುಳ್ಳೇಗೌಡ, ಇವರೆಲ್ಲ ಒಳ್ಳೆಯ ಕಾದಂಬರಿಯ ಪಾತ್ರಗಳಂತೆ ನಮ್ಮ ಮುಂದೆ ಓಡಾಡುತ್ತಾರೆ. ಸಮಾಜಶಾಸ್ತ್ರದ ಗ್ರಂಥಗಳಲ್ಲಿ ಅಪರೂಪವಾದ ತಿಳಿಹಾಸ್ಯವಿದೆ, ಮತ್ತು ಆ ಹಾಸ್ಯಕ್ಕೆ ಲೇಖಕರು ತಮ್ಮನ್ನೇ ಗುರಿಮಾಡಿಕೊಂಡಿದ್ದಾರೆ. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಪಟೇಲರಿಂದ ಮಾತು ಕೇಳಿಸಿಕೊಂಡ ಪ್ರಸಂಗ ಅಂಥದು. ಆಕ್ಸ್‌ಫರ್ಡಿನ ಪಂಡಿತರು ಜಾತಿಯನ್ನು ಅಧ್ಯಯನ ಮಾಡಲು ಬಂದಿದ್ದಾರೆ. ಊರು ಅವರನ್ನು ಮೊದಲು ಬ್ರಾಹ್ಮಣನನ್ನಾಗಿ ಮಾಡಿ ಕೂರಿಸಿಬಿಟ್ಟಿದೆ. ಮಡಿಮೈಲಿಗೆಯ ನಿಯಮವನ್ನು ಬ್ರಾಹ್ಮಣನಿಗೆ ಒಕ್ಕಲಿಗ ಯಜಮಾನರು ನೆನಪು ಮಾಡಿಕೊಡುತ್ತಿದ್ದಾರೆ!

ಈ ಪ್ರಸಂಗವನ್ನು ಓದಿ ನಕ್ಕ ಮೇಲೆ ಒಂದು ಗಳಿಗೆ ನಿಲ್ಲಬೇಕು. ಶ್ರೀನಿವಾಸರು ಊರಿನಲ್ಲಿ ಇಳಿದುಕೊಂಡದ್ದು ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಊಟದ ಏರ್ಪಾಟು, ಪರಿಚಯ, ಯಾರ ಮನೆಗೆ ಹೋಗಬಹುದು ಯಾರ ಮನೆಗೆ ಹೋಗಬಾರದು ಎಂಬ ಸೂಕ್ಷ್ಮಗಳು, ಎಲ್ಲಕ್ಕೂ ಪಟೇಲರ ನೆರಳಿದೆ. ದಲಿತರ ಕೇರಿಗೂ ಮುಸಲ್ಮಾನರ ಮನೆಗಳಿಗೂ ಅವರು ಅಷ್ಟು ಸಲೀಸಾಗಿ ಹೋಗಿ ಬರುವಂತಿರಲಿಲ್ಲ. ತಾವು ಕೊಟ್ಟ ಚಿತ್ರ ಮೇಲುಜಾತಿಯವರ ಕಣ್ಣಿನಿಂದ ಕಂಡದ್ದೆಂದು ಅವರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆ ದೊಡ್ಡದು. ನಮ್ಮಲ್ಲಿ ಎಷ್ಟು ಜನ ಪಂಡಿತರು ತಮ್ಮ ಕುರ್ಚಿ ಎಲ್ಲಿ ಹಾಕಲ್ಪಟ್ಟಿತ್ತೆಂದು ಓದುಗರಿಗೆ ಹೇಳುತ್ತಾರೆ? ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕಾಣದೆ ಹೋದದ್ದು ಕಂಡಂತಾಗುವುದಿಲ್ಲ. ಪಟೇಲರ ಮೌನಕ್ಕೆ, ಅವರು ಎಲೆಅಡಿಕೆ ಹಾಕಿಕೊಳ್ಳುವ ರೀತಿಗೆ ಪುಸ್ತಕದಲ್ಲಿ ಜಾಗವಿದೆ. ಪಟೇಲರ ಜೀತಗಾರ ರಾತ್ರಿ ಮನೆಗೆ ಹೋದ ಮೇಲೆ ಏನು ಮಾತಾಡುತ್ತಾನೆ ಎಂಬುದಕ್ಕೆ ಇಲ್ಲ. ಅದು ಜಗಲಿಗೆ ಕೇಳಿಸುವ ಮಾತಲ್ಲ.

ಅದು ಕೇಳಿಸಬೇಕಾದರೆ ಕೆಲವೇ ವರ್ಷಗಳ ಅನಂತರ ಅದೇ ಮೈಸೂರು ಜಿಲ್ಲೆಯಿಂದ ಬಂದ ಇನ್ನೊಂದು ಪುಸ್ತಕಕ್ಕೆ ಹೋಗಬೇಕು. ದೇವನೂರ ಮಹಾದೇವರ ‘ಒಡಲಾಳ’. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ರಾತ್ರಿ ಮನೆಮಂದಿಯೆಲ್ಲ ಕೂತು ತಿನ್ನುವ ಕದ್ದ ಕಡಲೆಕಾಯಿ, ಅದನ್ನು ಹುಡುಕಿಕೊಂಡು ಬರುವ ಪೋಲೀಸರು. ಅಷ್ಟೇ ಕಥೆ. ಅಲ್ಲಿ ‘ಪ್ರಬಲ ಜಾತಿ’ ಎಂಬ ಪರಿಭಾಷೆ ಒಂದು ಸಲವೂ ಬರಬೇಕಾಗಿಲ್ಲ. ಹೊಸ್ತಿಲ ಮೇಲೆ ಬೂಟಿನ ಸಪ್ಪಳ ಕೇಳಿದರೆ ಸಾಕು, ಪ್ರಾಬಲ್ಯವೆಂದರೇನೆಂದು ಗೊತ್ತಾಗುತ್ತದೆ. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ. ಎರಡನ್ನೂ ಒಂದಾದ ಮೇಲೊಂದು ಓದಿದವರಿಗೆ, ಒಂದೇ ಸೀಮೆಯಲ್ಲಿ ಎರಡು ಊರುಗಳಿವೆಯೇನೋ ಎನ್ನಿಸುತ್ತದೆ ಎಂಬಷ್ಟನ್ನು ಮಾತ್ರ ಹೇಳಬಯಸುತ್ತೇನೆ.

ವಿದ್ವಾಂಸ ರಾಜಕಾರಣದಿಂದ ದೂರ ನಿಲ್ಲಬೇಕೆಂದು ಹೇಳುವವರಿದ್ದಾರೆ. ಜರ್ಮನಿಯ ಮ್ಯಾಕ್ಸ್ ವೇಬರ್ 1917 ಮತ್ತು 1919ರಲ್ಲಿ ಮ್ಯೂನಿಚ್ ನಗರದಲ್ಲಿ ವಿದ್ಯಾರ್ಥಿಗಳಿಗೆ ಎರಡು ಪ್ರಸಿದ್ಧ ಭಾಷಣ ಮಾಡಿ, ಪಾಠದ ಪೀಠವೇ ಬೇರೆ, ಸಭೆಯ ವೇದಿಕೆಯೇ ಬೇರೆ ಎಂದು ಗೆರೆ ಎಳೆದನು. ಶ್ರೀನಿವಾಸರೂ ಬಹುಮಟ್ಟಿಗೆ ಈ ಗೆರೆಯನ್ನು ಮೀರದವರು; ಪಕ್ಷ ಹಿಡಿದವರಲ್ಲ, ಘೋಷಣೆ ಕೂಗಿದವರಲ್ಲ. ಆದರೆ ಗೆರೆಯನ್ನು ಮನುಷ್ಯ ಮೀರದಿದ್ದರೂ ಅವನ ಮಾತುಗಳು ಮೀರುತ್ತವೆ. ಅವರ ಮೂರು ಮಾತುಗಳು ಹಾಗೆ ಮೀರಿದವು. ವೋಟ್ ಬ್ಯಾಂಕ್ ಒಂದು, ‘ಸಂಸ್ಕೃತೀಕರಣ’ ಇನ್ನೊಂದು, ‘ಪ್ರಬಲ ಜಾತಿ’ ಮೂರನೆಯದು.

ಸಂಸ್ಕೃತೀಕರಣದ ಮಾತು ಅವರ ಕೊಡಗಿನ ಮೇಲಿನ 1952ರ ಗ್ರಂಥದಿಂದ ಪ್ರಸಿದ್ಧಿಗೆ ಬಂತು. ಕೆಳಗಿನ ಜಾತಿಯೊಂದು ಮೇಲಿನವರ ಆಹಾರ, ಆಚಾರ, ದೇವರುಗಳನ್ನು ಅನುಕರಿಸಿ ಒಂದೆರಡು ತಲೆಮಾರಿನಲ್ಲಿ ಮೇಲೇರಲು ನೋಡುತ್ತದೆ ಎಂಬುದು ಅದರ ಸಾರ. ಜಾತಿ ಕಲ್ಲಿನಂತೆ ನಿಂತ ವ್ಯವಸ್ಥೆಯಲ್ಲ, ಒಳಗೊಳಗೇ ಚಲಿಸುತ್ತದೆ ಎಂದು ತೋರಿಸಿದ್ದು ದೊಡ್ಡ ಕೆಲಸ. ಆದರೆ ಅನುಕರಣೆಯ ಸಂಗತಿಯನ್ನು ಅವರಿಗಿಂತ ಬಹಳ ಮುಂಚೆ ಇನ್ನೊಬ್ಬರು ಕಂಡಿದ್ದರು. 1916ರ ಮೇ ತಿಂಗಳಲ್ಲಿ, ಎಂದರೆ ಶ್ರೀನಿವಾಸರು ಹುಟ್ಟುವುದಕ್ಕೆ ಆರು ತಿಂಗಳು ಮುಂಚೆ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಅಂಬೇಡ್ಕರರು ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಒಂದು ವರ್ಗ ತನ್ನ ಬಾಗಿಲಿಗೆ ಅಗುಳಿ ಹಾಕಿಕೊಂಡಿತು, ಮಿಕ್ಕವರು ಅದನ್ನು ಅನುಕರಿಸಿ ತಾವೂ ಹಾಕಿಕೊಂಡರು, ಕೆಲವರು ಹೊರಗೆ ಉಳಿದರು ಎಂಬುದು ಅಲ್ಲಿನ ವಾದದ ಒಂದು ಎಳೆ. ಕಂಡ ಸಂಗತಿ ಒಂದೇ. ಆದರೆ ಒಬ್ಬರಿಗೆ ಅದು ಏಣಿಯಾಗಿ ಕಂಡಿತು. ಇನ್ನೊಬ್ಬರಿಗೆ ಸೋಂಕಾಗಿ ಕಂಡಿತು. ಏಣಿಯೆಂದವರ ಸಿದ್ಧಾಂತದಿಂದ, ಕಾಲಕ್ರಮದಲ್ಲಿ ಎಲ್ಲರೂ ಒಂದೊಂದು ಮೆಟ್ಟಲು ಏರಿಯಾರು ಎಂಬ ಸಮಾಧಾನದ ರಾಜಕಾರಣ ಹೊರಡುತ್ತದೆ. ಸೋಂಕೆಂದವರು 1936ರಲ್ಲಿ ಜಾತಿಯ ವಿನಾಶವನ್ನೇ ಕೇಳಿದರು, ಆ ಭಾಷಣ ಮಾಡುವ ಅವಕಾಶವನ್ನೂ ಕಳೆದುಕೊಂಡರು. ಶ್ರೀನಿವಾಸರು ರಾಂಪುರದಲ್ಲಿ ಕೆಲಸಮಾಡಿದ 1948ರಲ್ಲಿಯೇ, ನವೆಂಬರ್ 4ರಂದು, ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನು ಆರಾಧಿಸುವವರ ಮೇಲೆ ಹರಿಹಾಯ್ದರೆಂಬುದೂ ನೆನಪಿಡತಕ್ಕ ಮಾತು. ಇಬ್ಬರೂ ಒಂದೇ ಹಳ್ಳಿಯ ವಿಷಯ ಹೇಳುತ್ತಿದ್ದರು. ಒಬ್ಬರು ಅಲ್ಲಿ ಅತಿಥಿ. ಇನ್ನೊಬ್ಬರು ಅಲ್ಲಿಗೆ ಹೋದರೆ ಬಾವಿಯಿಂದ ನೀರು ಸೇದುವಂತಿರಲಿಲ್ಲ.

‘ಪ್ರಬಲ ಜಾತಿ’ಯ ಗತಿ ಇನ್ನೂ ಸ್ವಾರಸ್ಯವಾಗಿದೆ. 1959ರ ಪ್ರಬಂಧದಲ್ಲಿ ಶ್ರೀನಿವಾಸರು ಇದರ ಲಕ್ಷಣ ಹೇಳಿದರು. ಜಮೀನು ಕೈಯಲ್ಲಿರಬೇಕು, ಜನಸಂಖ್ಯೆ ಇರಬೇಕು, ಜಾತಿಯ ಮೆಟ್ಟಲಿನಲ್ಲಿ ತೀರ ಕೆಳಗಿರಬಾರದು, ಈಚೆಗೆ ವಿದ್ಯೆಯೂ ಸರ್ಕಾರಿ ಉದ್ಯೋಗವೂ ಸೇರಿಕೊಂಡಿವೆ. ರಾಂಪುರದಲ್ಲಿ ಸುಮಾರು ಅರ್ಧ ಜನ ಒಕ್ಕಲಿಗರು, ಜಮೀನೂ ಹೆಚ್ಚಾಗಿ ಅವರದೇ. ಬ್ರಾಹ್ಮಣನ ಸ್ಥಾನ ಎತ್ತರದ್ದಾದರೂ ಊರಿನಲ್ಲಿ ನಡೆಯುವುದು ಗೌಡನ ಮಾತು. ಗ್ರಂಥಗಳಲ್ಲಿ ಬ್ರಾಹ್ಮಣ ಕ್ಷತ್ರಿಯ ಎಂದು ಓದಿಕೊಂಡಿದ್ದ ಲೋಕಕ್ಕೆ ಈ ಮಾತು ಕಣ್ಣು ತೆರೆಸಿತು. ಇದು ಒಂದು ಊರಿನೊಳಗೆ ಮನೆಗೂ ಮನೆಗೂ ಇರುವ ಸಂಬಂಧದ ಹೆಸರು. ರಾಜಕಾರಣ ಅದನ್ನು ಎತ್ತಿಕೊಂಡು, ಇಡೀ ರಾಜ್ಯಕ್ಕೆ ಅನ್ವಯಿಸಿ, ತಲೆಯೆಣಿಕೆಯ ಲೇಬಲ್ಲಾಗಿ ಅಂಟಿಸಿತು. ಈಗ ನಮ್ಮ ಪತ್ರಿಕೆಗಳಲ್ಲಿ ‘ಪ್ರಬಲ ಸಮುದಾಯ’ ಎಂಬ ಮಾತು ಪ್ರತಿ ಚುನಾವಣೆಯಲ್ಲಿಯೂ ಬರುತ್ತದೆ. ಟಿಕೆಟ್ಟು ಹಂಚುವ ದಿನ ಎಲ್ಲರೂ ತಾವು ಪ್ರಬಲರೆನ್ನುತ್ತಾರೆ. ಮೀಸಲಾತಿಯ ಪಟ್ಟಿ ಬರೆಯುವ ದಿನ ಎಲ್ಲರೂ ದುರ್ಬಲರು. 2015ರಲ್ಲಿ ನಡೆದ ಸಮೀಕ್ಷೆಯ ವರದಿ 2024ರ ಫೆಬ್ರವರಿಯಲ್ಲಿ ಸರ್ಕಾರದ ಕೈ ಸೇರಿದಾಗ ನಮ್ಮ ರಾಜ್ಯದಲ್ಲಿ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು.

ಈ ದುರ್ಬಲತೆಯ ಲೆಕ್ಕ ನಮ್ಮಲ್ಲಿ ಹಳೆಯದು. 1960ರಲ್ಲಿ ಮೈಸೂರು ಸರ್ಕಾರ ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ, ಸಮುದಾಯದ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ಅಳತೆಗೋಲು. ಇಡೀ ರಾಜ್ಯದ ಸರಾಸರಿ 6.9. ಲಿಂಗಾಯತರದು 7.1. ಆದರೂ ಅವರು ಹಿಂದುಳಿದವರ ಪಟ್ಟಿಯಲ್ಲಿ ಸೇರಿದರು! 1962ರ ಜುಲೈ 31ರ ಆಜ್ಞೆಯಲ್ಲಿ ಸರ್ಕಾರ ವೃತ್ತಿಶಿಕ್ಷಣದ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾದಿರಿಸಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಅದನ್ನು ತಳ್ಳಿಹಾಕಿ, ಜಾತಿಯೊಂದೇ ಹಿಂದುಳಿದಿರುವಿಕೆಯ ಗುರುತಾಗಲಾರದು, ಬಡತನ ಕಸುಬು ವಾಸಸ್ಥಳಗಳನ್ನೂ ನೋಡಬೇಕು, ಮೀಸಲು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದು ಎಂದಿತು. ಇಡೀ ದೇಶಕ್ಕೆ ಇವತ್ತಿಗೂ ತಲೆನೋವಾಗಿರುವ ಆ ಐವತ್ತರ ಮಿತಿ ಬಂದದ್ದು ನಮ್ಮ ಮೈಸೂರಿನ ಮೊಕದ್ದಮೆಯಿಂದ. ಸಿದ್ಧಾಂತ ರಾಜಕಾರಣವನ್ನು ತಿದ್ದುತ್ತದೆ ಎನ್ನುವವರು 6.9ಕ್ಕೂ 7.1ಕ್ಕೂ ನಡುವಿನ ದಶಾಂಶವನ್ನು ಸ್ವಲ್ಪ ನೋಡಬೇಕು. ಅಳತೆಗೋಲು ಪಂಡಿತರದು. ಎಲ್ಲಿ ಗೆರೆ ಹಾಕಬೇಕೆಂಬುದನ್ನು ನಿರ್ಧರಿಸಿದ್ದು ಪ್ರಾಬಲ್ಯ. 1956ರ ಏಕೀಕರಣದಿಂದ 1971ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾದವರೆಲ್ಲ ಒಂದೇ ಸಮುದಾಯದವರು ಎಂಬುದನ್ನು ಇಲ್ಲಿ ಕೂಡಿಸಿಕೊಂಡರೆ ‘ಪ್ರಬಲ ಜಾತಿ’ಯ ಸಿದ್ಧಾಂತ ತಪ್ಪೆಂದು ಯಾರೂ ಹೇಳಲಾರರು. ಸಿದ್ಧಾಂತ ನಿಜವಾಗಿತ್ತು. ನಿಜವಾಗಿದ್ದುದರಿಂದಲೇ ಅದನ್ನು ಓದಿ ತಿದ್ದಿಕೊಳ್ಳುವ ಗರಜು ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ.

ಅದನ್ನು ಬೇರೆ ರೀತಿಯಲ್ಲಿ ಓದಿದವರು ದೇವರಾಜ ಅರಸರು. ಅವರು ಸಮಾಜಶಾಸ್ತ್ರದ ಪುಸ್ತಕಗಳನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ, ಸಮಾಜವನ್ನು ಓದಿದ್ದರು. ಪ್ರಬಲರು ಯಾರೆಂದು ಎಲ್ಲರೂ ಪಟ್ಟಿ ಮಾಡುತ್ತಿದ್ದಾಗ, ಆ ಪಟ್ಟಿಯನ್ನು ಕಳೆದರೆ ಉಳಿಯುವವರೆಷ್ಟು ಎಂದು ಲೆಕ್ಕಹಾಕಿದರು. ಸಂಖ್ಯೆಯಲ್ಲಿ ತೀರ ಸಣ್ಣ ಸಮುದಾಯದಿಂದ ಬಂದವರಿಗೆ ಈ ಲೆಕ್ಕ ತಾನಾಗಿ ಹೊಳೆದಿರಬಹುದು. 1972ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಹಾವನೂರರ ಆಯೋಗ ನೇಮಕವಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಸರ್ಕಾರದ ವಶ. ಉಳುತ್ತಿದ್ದವನು ಏಳನೆಯ ನಂಬರಿನ ಫಾರಮ್ಮು ತುಂಬಿ ತಾಲ್ಲೂಕಿನ ಭೂನ್ಯಾಯಮಂಡಲಿಗೆ ಕೊಟ್ಟರೆ ಭೂಮಿ ಅವನದು. ಇದಕ್ಕೆ ಹಿಂದೆ 1951ರಲ್ಲಿಯೇ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದರು, ಲೋಹಿಯಾ ಅಲ್ಲಿಗೆ ಬಂದು ಸೆರೆಯಾಗಿದ್ದರು, ಶಾಂತವೇರಿ ಗೋಪಾಲಗೌಡರು 1952ರಲ್ಲಿ ಅದೇ ನೆಲದಿಂದ ಶಾಸನಸಭೆಗೆ ಬಂದಿದ್ದರು. ಆ ಕಥೆ ಬೇರೆಯೇ ಲೇಖನಕ್ಕೆ ಆದೀತು. ನನ್ನ ಪ್ರಶ್ನೆಗೆ ಬೇಕಾದದ್ದು ಇಷ್ಟೆ: ಶ್ರೀನಿವಾಸರು ವರ್ಣಿಸಿದ ವೋಟ್ ಬ್ಯಾಂಕಿನ ತಳಹದಿ ಗೇಣಿ, ಜೀತ, ಸಾಲ. ಎಪ್ಪತ್ತರ ದಶಕದ ಕಾನೂನುಗಳು ಕೈಹಾಕಿದ್ದು ಆ ತಳಹದಿಗೇ. ಎಲ್ಲ ಕಡೆಯೂ ಅದು ಕುಸಿಯಿತೆಂದಲ್ಲ. ಆದರೆ ಕುಸಿದ ಕಡೆ ಬ್ಯಾಂಕು ಮುಳುಗಿತು.

ಶ್ರೀನಿವಾಸರಿಗೆ ಈ ಬದಲಾವಣೆಗಳೆಲ್ಲ ಕಂಡಿದ್ದವು. ವಯಸ್ಕ ಮತದಾನ ಜಾತಿಯನ್ನು ಕರಗಿಸದೆ ಅದಕ್ಕೆ ಹೊಸ ಬಲ ಕೊಡುತ್ತಿದೆಯೆಂದು 1957ರಷ್ಟು ಹಿಂದೆಯೇ ವಿಜ್ಞಾನ ಕಾಂಗ್ರೆಸ್ಸಿನ ಭಾಷಣದಲ್ಲಿ ಹೇಳಿ ಎಚ್ಚರಿಸಿದವರು ಅವರು. ಆದರೂ ಜಾತಿಯ ಆಧಾರದ ಮೀಸಲಾತಿ ಬೆಳೆಯುತ್ತ ಹೋದಂತೆ ಅವರಲ್ಲಿ ಸಂಶಯ ಹೆಚ್ಚಿತೇ ವಿನಾ ಕಡಮೆಯಾಗಲಿಲ್ಲ. ಹಿಂದುಳಿದಿರುವುದೇ ಒಂದು ಆಸ್ತಿಯಾಗಿಬಿಡುತ್ತದೆ ಎಂಬ ಆತಂಕ ಅವರದು. ಆ ಆತಂಕದಲ್ಲಿ ಸತ್ಯವಿದೆ, ಮೇಲಿನ ದಶಾಂಶದ ಕಥೆಯೇ ಸಾಕ್ಷಿ. ಆದರೆ ಅದು ಜಗಲಿಯ ಸತ್ಯ. ಮುಂದುವರಿದಿರುವುದು ಎಷ್ಟು ತಲೆಮಾರಿನಿಂದ ಆಸ್ತಿಯಾಗಿತ್ತೆಂದು ಅಂಗಳದಲ್ಲಿ ನಿಂತವನು ಕೇಳಿದರೆ?

ಇಷ್ಟು ಹೇಳಿದ ಮೇಲೆ ನನ್ನ ಕುರ್ಚಿ ಎಲ್ಲಿತ್ತೆಂದು ನಾನೂ ಹೇಳಬೇಕು. ನಮ್ಮ ತಾತ ಕಾವೇರಿ ನಾಲೆಯ ಕೆಳಗಿನ ಒಂದು ಊರಿನ ಶ್ಯಾನುಭೋಗರು. ದೊಡ್ಡ ಜಮೀನ್ದಾರಿಕೆಯಲ್ಲ, ಏಳೆಕರೆ ಗದ್ದೆ, ನಾಲ್ಕು ಮನೆಯವರು ವಾರಕ್ಕೆ ಮಾಡುತ್ತಿದ್ದರು. 1952ರ ಮೊದಲನೆಯ ಮಹಾಚುನಾವಣೆ ನಡೆದಾಗ ನನಗೆ ಐದು ವರ್ಷ. ಚುನಾವಣೆ ನೆನಪಿಲ್ಲ, ಉಪ್ಪಿಟ್ಟು ನೆನಪಿದೆ. ಬೆಳಗ್ಗೆ ಆ ನಾಲ್ಕು ಮನೆಯವರೂ ನಮ್ಮ ಜಗಲಿಯ ಕೆಳಗೆ ಕೂತು ಉಪ್ಪಿಟ್ಟು ತಿಂದರು. ಆಮೇಲೆ ಗಾಡಿ ಕಟ್ಟಿಕೊಂಡು ಹೋದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ತಾತ ಜಗಲಿಯ ಮೇಲೆ ನಿಂತು, “ಜೋಡೆತ್ತು, ನೆನಪಿರಲಿ” ಎಂದರಂತೆ. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಅವರು ಕ್ರೂರಿಗಳಲ್ಲ, ಆ ಮನೆಗಳ ಮದುವೆಗೆ ಅಕ್ಕಿ ಕೊಟ್ಟವರು, ಕಾಯಿಲೆಗೆ ಕಷಾಯ ಕೊಟ್ಟವರು. ರಾಂಪುರದ ಪಟೇಲರ ಚಿತ್ರ ಓದುವಾಗಲೆಲ್ಲ ನನಗೆ ತಾತನ ಮುಖ ಬರುತ್ತದೆ. ಆ ಪುಸ್ತಕವನ್ನು ನಾನು ಅಷ್ಟು ಪ್ರೀತಿಸುವುದಕ್ಕೂ, ಅದನ್ನು ಪೂರ್ತಿ ನಂಬಲಾರದ್ದಕ್ಕೂ ಇದೇ ಕಾರಣವಿರಬೇಕು.

1974ರಲ್ಲಿ ನಾಲ್ಕು ಮನೆಯವರೂ ಅರ್ಜಿ ಹಾಕಿದರು. ಗದ್ದೆ ಹೋಯಿತು. ತಾತ ಆಗ ಇರಲಿಲ್ಲ. ಮನೆಯಲ್ಲಿ ಕೆಲವು ತಿಂಗಳು ಸೂತಕದಂತಿತ್ತು. ನಾನು ಆಗಲೇ ಬೆಂಗಳೂರಿನ ಸಂಬಳದವನು. ಅನ್ನಕ್ಕೆ ಕೊರತೆಯಾಗಲಿಲ್ಲ, ಆದ್ದರಿಂದ ನ್ಯಾಯವಾಯಿತೆಂದು ಹೇಳುವುದು ನನಗೆ ಸುಲಭವಾಯಿತು. ಊರಿನಲ್ಲಿ ಉಳಿದ ಚಿಕ್ಕಪ್ಪನವರಿಗೆ ಸುಲಭವಾಗಲಿಲ್ಲ. ಎಂಬತ್ತರ ದಶಕದ ಒಂದು ಚುನಾವಣೆಯಲ್ಲಿ ನಮ್ಮ ಮನೆಗೆ ಅಭ್ಯರ್ಥಿಗಳು ಬಾರದೆ ನೇರವಾಗಿ ಆ ಕೇರಿಗೆ ಹೋದರು. ಆ ಸಂಜೆಯೇ ಚಿಕ್ಕಪ್ಪನವರ ಬಾಯಲ್ಲಿ ಮೊದಲ ಸಲ ಆ ಮಾತು ಕೇಳಿದೆ: “ಈಗ ಅವರೆಲ್ಲ ವೋಟ್ ಬ್ಯಾಂಕ್ ಆಗಿಬಿಟ್ಟಿದಾರೆ, ನೋಡು.” ನಮ್ಮ ಜಗಲಿಯ ಬ್ಯಾಂಕು ಮುಚ್ಚಿದ ಮೇಲೆ ಆ ಹೆಸರು ಅವರ ಪಾಲಿಗೆ ಬಂತು.

ಆ ಸಲವೋ ಅದರ ಮುಂದಿನ ವರ್ಷವೋ, ಊರಹಬ್ಬಕ್ಕೆ ಹೋಗಿದ್ದಾಗ, ನಮ್ಮ ಗದ್ದೆ ಮಾಡುತ್ತಿದ್ದವರಲ್ಲಿ ಬದುಕಿದ್ದ ಹಿರಿಯನೊಬ್ಬನನ್ನು ನೋಡಿಬರೋಣವೆಂದು ಹೋದೆ. ಹಳೆಯ ನಮ್ಮ ಗದ್ದೆಯ ಬದುವಿನ ಮೇಲೆಯೇ ಕೂತಿದ್ದ. ಎದ್ದು ನಿಲ್ಲಲು ಹೋದ, ಬೇಡವೆಂದೆ. ಎಳನೀರು ಕೆಡವಿಸಿ ಕೊಟ್ಟ. ಅದೂ ಇದೂ ಮಾತಾಡುತ್ತ 1952ರ ಉಪ್ಪಿಟ್ಟಿನ ಸುದ್ದಿ ನಾನೇ ತೆಗೆದೆ. ಅವನು ಬಹಳ ಹೊತ್ತು ನಕ್ಕು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದ: “ಬುದ್ಧೀ, ದೊಡ್ಡೋರು ಎತ್ತು ಅಂದ್ರು. ನಾವು ನಾಕು ಮನೇರೂ ಗಾಡೀಲಿ ಮಾತಾಡ್ಕಂಡು ಮರದ ಪೆಟ್ಟಿಗೇಗೆ ಹಾಕ್ದೊ. ಎತ್ತು ದಿನಾ ಇದ್ದದ್ದೇಯ, ಮರ ಆದ್ರೆ ವಸಿ ನೆಳ್ಳಾರ ಕೊಟ್ಟಾತು ಅಂತ.” ಮರ ಆಗಿನ ಸೋಷಲಿಸ್ಟ್ ಪಕ್ಷದ ಗುರುತು.

ಆ ವರ್ಷ ನಮ್ಮ ಕ್ಷೇತ್ರದಲ್ಲಿ ಜೋಡೆತ್ತು ಗೆದ್ದಿತ್ತು. ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ತಾತ ತೀರಿಕೊಳ್ಳುವವರೆಗೂ, ಚುನಾವಣೆ ಬಂದಾಗಲೆಲ್ಲ, ಬೆರಳು ಮಡಿಸಿ ಆ ನಾಲ್ಕು ಮನೆಯ ಹನ್ನೊಂದು ಓಟುಗಳನ್ನು ನಮ್ಮ ಲೆಕ್ಕಕ್ಕೇ ಸೇರಿಸುತ್ತಿದ್ದರು.